ಲಂಗರಿಗೆ ಟಿಕೆಟ್ ಕೊಂಡವರು

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ವಾಟ್ಸ್‌ಆಪ್ ಗುಂಪಿಗೆ ಒಂದು ಬಣ್ಣದ ಚಿತ್ರ ಬಂದು ಬಿತ್ತು. ನೀಲಿ ಬಟ್ಟೆ, ಎತ್ತರದ ಪೇಟದ ಒಬ್ಬ ನಿಹಂಗ್ ಎರಡು ಕುದುರೆಗಳ ಬೆನ್ನ ಮೇಲೆ ಒಂದೊಂದು ಕಾಲಿಟ್ಟು ನಿಂತು, ಧೂಳೆಬ್ಬಿಸುತ್ತ ಬರುತ್ತಿದ್ದಾನೆ. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಹೋಲಾ ಮೊಹಲ್ಲಾ ಸಾಂಸ್ಕೃತಿಕ ಪ್ರವಾಸ. ಐದು ರಾತ್ರಿ, ಆರು ಹಗಲು. ಅನುಭವಿ ಮಾರ್ಗದರ್ಶಿ. ಎ.ಸಿ. ಬಸ್ಸು, ಹೋಟೆಲ್, ಲಂಗರ್ ಅನುಭವ ಎಲ್ಲಾ ಸೇರಿ.’ ನಿಮಿಷದೊಳಗೆ ಹದಿನೇಳು ಹೆಬ್ಬೆರಳುಗಳು ಎದ್ದವು. ಕೂಟದ ಪದಾಧಿಕಾರಿಯೊಬ್ಬರು, ‘ಹೋದ ಸಲ ಹೋದವರು ದಯವಿಟ್ಟು ಎರಡು ಮಾತು ಬರೆದು ಹುರಿದುಂಬಿಸಿ’ ಎಂದರು.

ಹೋದ ಸಲ ಹೋದವರಲ್ಲಿ ನಾನೂ ಒಬ್ಬ. ಎರಡು ಮಾತು ಬರೆಯಲು ಕೂತವನು ಇಷ್ಟುದ್ದ ಬರೆಯುತ್ತಿದ್ದೇನೆ. ಹುರಿದುಂಬಿಸುವುದು ನನ್ನಿಂದಾಗದು.

ಮೊದಲು ಆ ‘ಲಂಗರ್ ಅನುಭವ ಸೇರಿ’ ಎಂಬ ಮಾತನ್ನೇ ನೋಡಿ. ಬಸ್ಸು ಸೇರಿ ಎಂದರೆ ಅರ್ಥವಾಗುತ್ತದೆ, ಬಸ್ಸು ಅವರದ್ದು. ಹೋಟೆಲಿನ ಕೋಣೆ ಸೇರಿ ಎಂದರೂ ಸರಿ, ಅವರು ಬಾಡಿಗೆ ಕಟ್ಟುತ್ತಾರೆ. ಲಂಗರ್ ಹೇಗೆ ಸೇರುತ್ತದೆ? ಅದಕ್ಕೆ ಗೋಧಿ ಕೊಟ್ಟವನು ಯಾವುದೋ ಹಳ್ಳಿಯ ರೈತ. ರೊಟ್ಟಿ ತಟ್ಟುವವಳು ಸಂಬಳವಿಲ್ಲದ ಯಾರದೋ ತಾಯಿ. ಹಸಿದು ಬಂದವನ ಜಾತಿ ಕೇಳದೆ, ದುಡ್ಡು ಕೇಳದೆ, ನೆಲದ ಮೇಲೆ ಸಾಲಾಗಿ ಕೂರಿಸಿ ಬಡಿಸುವ ಊಟ ಅದು. ನಮ್ಮ ತುಮಕೂರಿನ ಸಿದ್ಧಗಂಗೆಯ ದಾಸೋಹವನ್ನು ನೆನೆಸಿಕೊಳ್ಳಿ. ಯಾರಾದರೂ ದುಬೈಯಲ್ಲೋ ದಮ್ಮಾಮಿನಲ್ಲೋ ಕೂತು ‘ಸಿದ್ಧಗಂಗಾ ದಾಸೋಹ ಅನುಭವ ಸೇರಿ’ ಎಂದು ರಿಯಾಲಿನಲ್ಲಿ ಬೆಲೆ ಹಾಕಿ ಮಾರಿದರೆ ನಾವು ಸುಮ್ಮನಿರುತ್ತೇವೆಯೇ? ಪಂಜಾಬಿನದ್ದಾದರೆ ಸುಮ್ಮನಿರುತ್ತೇವೆ. ಅಷ್ಟೇ ಅಲ್ಲ, ಮುಂಗಡ ಕಟ್ಟುತ್ತೇವೆ. ನಾನೂ ಕಟ್ಟಿದ್ದೆ.

ಹಬ್ಬದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ಹೋಳಿಯ ಮರುದಿನ ಬರುವ ಸಿಖ್ಖರ ಹಬ್ಬ ಹೋಲಾ ಮೊಹಲ್ಲಾ. ಪಂಜಾಬಿನ ರೂಪನಗರ ಜಿಲ್ಲೆಯ ಆನಂದಪುರ ಸಾಹಿಬ್‌ನಲ್ಲಿ ಮೂರು ದಿನ ನಡೆಯುತ್ತದೆ. 1699ರ ಬೈಸಾಖಿಯಂದು ಗುರು ಗೋವಿಂದ ಸಿಂಗರು ಖಾಲ್ಸಾ ಪಂಥವನ್ನು ಕಟ್ಟಿದ್ದು ಇದೇ ಊರಿನಲ್ಲಿ. ಅದಾದ ಒಂದೆರಡು ವರ್ಷಕ್ಕೆ, 1701ರಲ್ಲಿ, ಅವರು ಈ ಹಬ್ಬವನ್ನು ಆರಂಭಿಸಿದರೆಂದು ಸಂಪ್ರದಾಯ ಹೇಳುತ್ತದೆ. ಜನ ಬಣ್ಣ ಎರಚಾಡಿ ಮಲಗುವ ಹೊತ್ತಿಗೆ ಅವರು ತಮ್ಮವರನ್ನು ಎರಡು ತಂಡ ಮಾಡಿ, ಒಂದು ತಂಡ ಹೋಲ್‌ಗಢದ ಕೋಟೆ ಕಾಯಬೇಕು, ಇನ್ನೊಂದು ತಂಡ ಮುತ್ತಿಗೆ ಹಾಕಬೇಕು ಎಂದರು. ಗೆದ್ದವರಿಗೆ ಉಡುಗೊರೆ. ಬೆಟ್ಟದ ರಾಜರೂ ಮೊಘಲರ ಸೈನ್ಯವೂ ಯಾವತ್ತು ಮೇಲೆ ಬೀಳುವರೋ ಎಂಬ ಕಾಲ. ಕೈಯಲ್ಲಿ ತಕ್ಕಡಿ, ನೇಗಿಲು, ಕ್ಷೌರದ ಕತ್ತಿ ಹಿಡಿದಿದ್ದ ಜನಕ್ಕೆ ಕುದುರೆ ಏರುವುದನ್ನು ಕಲಿಸಬೇಕಿತ್ತು. ಆದ್ದರಿಂದ ನಿಜವಾದ ಯುದ್ಧಕ್ಕೆ ಮುಂಚಿನ ತಾಲೀಮು ಅದು. ಅಲ್ಲಿ ಒಂದೋ ನೀವು ಕೋಟೆಯ ಒಳಗಿರಬೇಕು, ಇಲ್ಲಾ ಹೊರಗಿರಬೇಕು. ಕುರ್ಚಿ ಹಾಕಿಕೊಂಡು ನೋಡುವವನಿಗೆ ಜಾಗವೇ ಇರಲಿಲ್ಲ.

ನಮಗೆ ಕುರ್ಚಿ ಇತ್ತು.

2024ರ ಮಾರ್ಚ್ ಕೊನೆಯ ವಾರ. ಇಲ್ಲಿ ಜುಬೈಲಿನಲ್ಲಿ ರಂಜಾನ್, ಕೆಲಸದ ಹೊತ್ತು ಕಡಿಮೆ, ರಜೆಯೂ ಸಲೀಸಾಗಿ ಸಿಕ್ಕಿತು. ದಮ್ಮಾಮಿನಿಂದ ದಿಲ್ಲಿ, ದಿಲ್ಲಿಯಿಂದ ಚಂಡೀಗಢ. ಗುಂಪಿನಲ್ಲಿ ಮೂವತ್ತಕ್ಕಿಂತ ಹೆಚ್ಚು ಜನ, ಎಲ್ಲ ಕನ್ನಡದವರು. ಒಬ್ಬೊಬ್ಬರಿಗೆ ವಿಮಾನದ ಖರ್ಚು ಬಿಟ್ಟು ಎರಡೂವರೆ ಸಾವಿರ ರಿಯಾಲ್. ಚಂಡೀಗಢದಿಂದ ಆನಂದಪುರಕ್ಕೆ ಎರಡು ತಾಸಿನ ದಾರಿ, ಹಬ್ಬದ ದಟ್ಟಣೆಯಲ್ಲಿ ನಾಲ್ಕೂವರೆ ತಾಸಾಯಿತು. ಆ ದಾರಿಯನ್ನು ನಾನು ಮರೆಯಲಾರೆ. ಟ್ರ್ಯಾಕ್ಟರಿನ ಟ್ರಾಲಿಗಳಿಗೆ ಅಟ್ಟ ಕಟ್ಟಿ, ಕೆಳಗೆ ಹುಲ್ಲು ಹಾಸಿ, ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹಳ್ಳಿಗೆ ಹಳ್ಳಿಯೇ ಹೊರಟಿತ್ತು. ಅರ್ಧ ಮೈಲಿಗೊಂದು ಲಂಗರ್. ಒಂದು ಕಡೆ ಬೆಲ್ಲದ ಅನ್ನ, ಇನ್ನೊಂದು ಕಡೆ ಚಹಾ, ಮತ್ತೊಂದು ಕಡೆ ಬರೀ ಕಬ್ಬಿನ ಹಾಲು. ಹುಡುಗರು ಕೇಸರಿ ಬಾವುಟ ಹಿಡಿದು ರಸ್ತೆಗೇ ಇಳಿದು ವಾಹನಗಳನ್ನು ತಡೆಯುತ್ತಿದ್ದರು. ತಡೆದು ಕೇಳುತ್ತಿದ್ದುದು ಒಂದೇ: ಏನಾದರೂ ತಿಂದು ಹೋಗಿ.

ನಮ್ಮ ಬಸ್ಸು ಎಲ್ಲೂ ನಿಲ್ಲಲಿಲ್ಲ. ರಸ್ತೆ ಬದಿಯ ನೀರು, ಗುಂಪಿನವರ ಹೊಟ್ಟೆ ಕೆಟ್ಟರೆ ಯಾರು ಹೊಣೆ ಎಂದರು ಪ್ರವಾಸದ ಮ್ಯಾನೇಜರ್. ಬಿಸಿಲಿಗೆಂದು ಪರದೆ ಎಳೆಸಿದರು. ಒಬ್ಬ ಹುಡುಗ, ಹದಿಮೂರೋ ಹದಿನಾಲ್ಕೋ ಇರಬೇಕು, ಚಹಾದ ಸ್ಟೀಲ್ ಲೋಟ ಮೇಲೆತ್ತಿ ಹಿಡಿದು ನಮ್ಮ ಕಿಟಕಿಯ ಪಕ್ಕದಲ್ಲೇ ಓಡಿ ಬಂದ. ಮಗಳು ಪರದೆ ಸರಿಸಿ ಅವನ ವಿಡಿಯೋ ತೆಗೆದಳು. ಅವನು ಲೋಟ ಚಾಚಿದ್ದು ನಮಗೆ ಕೊಡಲಿಕ್ಕೆ. ನಾವು ಅದನ್ನು ದೃಶ್ಯವೆಂದುಕೊಂಡೆವು. ಆ ವಿಡಿಯೋಗೆ ನಮ್ಮ ಕೂಟದ ಗುಂಪಿನಲ್ಲಿ ಸಿಕ್ಕ ಮೆಚ್ಚುಗೆ ಕಡಿಮೆಯೇನಲ್ಲ.

ಮರುದಿನ ವೇಳಾಪಟ್ಟಿಯ ಪ್ರಕಾರ ಹತ್ತಕ್ಕೆ ಕೇಶಗಢ ಸಾಹಿಬ್, ಹನ್ನೊಂದೂಕಾಲಕ್ಕೆ ಲಂಗರ್ ಅನುಭವ, ಹನ್ನೆರಡಕ್ಕೆ ಬಸ್ಸು. ಲಕ್ಷಾಂತರ ಜನ ಸೇರುವ ಹಬ್ಬದಲ್ಲಿ ಮುಕ್ಕಾಲು ಗಂಟೆಯೊಳಗೆ ಲಂಗರ್ ಮುಗಿಯಬೇಕಾದರೆ ಸಾಲಿನಲ್ಲಿ ನಿಂತರಾಗದು. ಮಾರ್ಗದರ್ಶಿ ನಮ್ಮನ್ನು ಪಕ್ಕದ ಬಾಗಿಲಿನಿಂದ ಒಳಗೆ ಬಿಡಿಸಿದ. ಬಾಗಿಲಲ್ಲಿದ್ದ ಸೇವಾದಾರ ಮುದುಕ ನಮ್ಮ ಕೊರಳಿನ ಪಟ್ಟಿ ನೋಡಿ, ದೂರದಿಂದ ಬಂದ ಅತಿಥಿಗಳು ಎಂದು ಕೈಮುಗಿದು ದಾರಿ ಬಿಟ್ಟ. ಹೊರಗೆ ಎರಡು ತಾಸಿನಿಂದ ನಿಂತಿದ್ದ ಹೆಂಗಸರು ನಮ್ಮನ್ನು ನೋಡಿದರು. ಬೈಯಲೂ ಇಲ್ಲ. ಗುರು ಅಮರದಾಸರ ಕಾಲದಲ್ಲಿ ಅಕ್ಬರ್ ಬಾದಷಹ ಗೋಯಿಂದವಾಲಕ್ಕೆ ಬಂದಾಗ, ಮೊದಲು ಎಲ್ಲರ ಜೊತೆ ಪಂಗತ್ತಿನಲ್ಲಿ ಕೂತು ಉಂಡು, ಆಮೇಲೆ ಗುರುವಿನ ಭೇಟಿಗೆ ಹೋದನೆಂದು ಸಿಖ್ಖರಲ್ಲಿ ಕತೆಯಿದೆ. ಹಿಂದೂಸ್ತಾನದ ಬಾದಷಹನಿಗೆ ಇಲ್ಲದ ಪಕ್ಕದ ಬಾಗಿಲು ಜುಬೈಲಿನ ಸ್ಟೋರ್ ಕೀಪರನಿಗೆ ಸಿಕ್ಕಿತು. ಪಂಗತ್ ಎಂಬುದು ನಮ್ಮ ಪಂಕ್ತಿಯೇ. ಪಂಕ್ತಿಭೇದದ ಬಗ್ಗೆ ಕನ್ನಡದಲ್ಲಿ ನಾವು ಎಷ್ಟು ಪುಟ ಬರೆದಿಲ್ಲ! ಭೇದವಿಲ್ಲದ ಒಂದು ಪಂಕ್ತಿಗೆ ಹೋಗಿ, ಎರಡೂವರೆ ಸಾವಿರ ರಿಯಾಲ್ ಕೊಟ್ಟು, ಭೇದವೊಂದನ್ನು ಹುಟ್ಟಿಸಿ ಬಂದೆವು.

ಸೌದಿಯಲ್ಲಿರುವ ನಮಗೆ ಇದು ಹೊಳೆಯಬೇಕಿತ್ತು. 2003ರಲ್ಲಿ ನಾನು ಇಲ್ಲಿಗೆ ಬಂದಿಳಿದಾಗ ಮೊದಲ ಸಂಬಳಕ್ಕೆ ಇನ್ನೂ ವಾರಗಳಿದ್ದವು. ರಂಜಾನ್ ಶುರುವಾಗಿತ್ತು. ಮಸೀದಿಯ ಪಕ್ಕದ ಇಫ್ತಾರ್ ಡೇರೆಗೆ ಕ್ಯಾಂಪಿನ ಹುಡುಗರು ನನ್ನನ್ನು ಕರೆದೊಯ್ದರು. ಪ್ಲಾಸ್ಟಿಕ್ ಹಾಳೆಯ ಎರಡು ಬದಿ ಸಾಲಾಗಿ ಕೂತ ಬಂಗಾಳಿ, ನೇಪಾಳಿ, ಪಠಾಣ, ಮಲಯಾಳಿ. ಎದುರಿಗೆ ಖರ್ಜೂರ, ಲಬನ್, ಅನ್ನ ಮಾಂಸ. ನೀನು ಯಾರು, ಉಪವಾಸ ಮಾಡಿದೆಯಾ ಎಂದು ಯಾರೂ ಕೇಳಲಿಲ್ಲ. ಆ ತಿಂಗಳು ನಾನು ಆ ಡೇರೆಯ ಅನ್ನದಲ್ಲೇ ಬದುಕಿದೆ. ಈಗ ಕಲ್ಪಿಸಿಕೊಳ್ಳಿ. ಕ್ಯಾಮರಾ ಹಿಡಿದ ಮೂವತ್ತು ಜನ ಬಸ್ಸಿನಿಂದಿಳಿದು, ಸಾಲನ್ನು ಸರಿಸಿ, ಐದು ನಿಮಿಷ ನನ್ನ ಪಕ್ಕ ಕೂತು, ನಾನು ಬಾಯಿಗೆ ತುತ್ತಿಡುವುದನ್ನು ತೆಗೆದುಕೊಂಡು ಎದ್ದು ಹೋಗಿದ್ದರೆ ನನಗೆ ಹೇಗಾಗುತ್ತಿತ್ತು? ಗಲ್ಫಿಗೆ ಬಂದು ಸಾಲಿನಲ್ಲಿ ಕೂತು ಉಂಡವರಿಗೆ, ಸಾಲಿನಲ್ಲಿ ಕೂತವನನ್ನು ನೋಡಲು ಹೋಗಬಾರದೆಂದು ಹೇಳಿಕೊಡಬೇಕೇ?

ಈಗ ನನ್ನ ಸಿಟ್ಟಿನ ಮೂಲಕ್ಕೆ ಬರುತ್ತೇನೆ. ಇದರಲ್ಲಿ ತಪ್ಪು ಪ್ರವಾಸದವರದ್ದಷ್ಟೇ ಅಲ್ಲ.

ನಮ್ಮ ಯಾರ್ಡಿಗೆ ಪೈಪು ತರುವ ಟ್ರೈಲರ್ ಡ್ರೈವರುಗಳಲ್ಲಿ ಒಬ್ಬರು ಸಿಖ್. ಹನ್ನೊಂದು ವರ್ಷದಿಂದ ಬರುತ್ತಿದ್ದಾರೆ. ನಾನು ಅವರನ್ನು ‘ಸರ್ದಾರ್‌ಜಿ’ ಎನ್ನುತ್ತಿದ್ದೆ, ಅವರು ನನ್ನನ್ನು ‘ಸ್ಟೋರ್ ಸಾಬ್’. ಪ್ರತಿ ಡೆಲಿವರಿ ಚೀಟಿಯಲ್ಲೂ ಅವರ ಪೂರ್ತಿ ಹೆಸರು ಅಚ್ಚಾಗಿರುತ್ತದೆ. ಅದರ ಕೆಳಗೆ ನಾನು ಸಹಿ ಹಾಕುತ್ತೇನೆ. ಹನ್ನೊಂದು ವರ್ಷದಲ್ಲಿ ಎಷ್ಟು ನೂರು ಚೀಟಿಗಳಿಗೆ ಸಹಿ ಹಾಕಿದೆನೋ, ಮೇಲಿನ ಹೆಸರನ್ನು ಒಮ್ಮೆಯೂ ಓದಿರಲಿಲ್ಲ. ಈ ದೇಶದಲ್ಲಿ ಬೇರೆ ಧರ್ಮದವರಿಗೆ ಬಹಿರಂಗ ಪೂಜೆಗೆ ಅವಕಾಶವಿಲ್ಲ. ಅದನ್ನು ತಿಳಿದೇ ನಾವೆಲ್ಲ ಬಂದವರು. ಹಾಗಾಗಿ ಅವರ ಹಬ್ಬವೆಂದರೆ ಕೋಣೆಯೊಳಗಿನ ಹಬ್ಬ, ಫೋನಿನ ಪರದೆಯ ಮೇಲಿನ ಹಬ್ಬ. ಆನಂದಪುರಕ್ಕೆ ಹೊರಟಿದ್ದೇನೆಂದು ನಾನು ಹೇಳಿದಾಗ ಅವರು ಸ್ಟಿಯರಿಂಗ್ ಮೇಲಿನ ಕೈ ತೆಗೆದು ಕೆಳಗಿಳಿದು ಬಂದರು. ಅವರ ಹಳ್ಳಿ ಅಲ್ಲಿಂದ ಹದಿನೈದು ಕಿಲೋಮೀಟರಂತೆ. ಹದಿನಾಲ್ಕು ವರ್ಷದಿಂದ ಹೋಲಾಗೆ ಹೋಗಲಾಗಿಲ್ಲ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಯಾವತ್ತೂ ಆ ವಾರಕ್ಕೆ ಬಿದ್ದಿಲ್ಲ.

ಏನು ತರಲಿ ಎಂದು ಕೇಳಿದೆ. ಏನೂ ಬೇಡ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜೋಡಾ ಘರ್‌ನಲ್ಲಿ ಒಂದು ಗಂಟೆ ನಿಲ್ಲುತ್ತೀರಾ, ನನ್ನ ಪರವಾಗಿ?’ ಎಂದರು. ಜೋಡಾ ಘರ್ ಎಂದರೆ ಗುರುದ್ವಾರದ ಬಾಗಿಲಲ್ಲಿ ಚಪ್ಪಲಿ ಇಡುವ ಜಾಗ. ಬಂದವರ ಚಪ್ಪಲಿ ಇಸಿದುಕೊಂಡು, ಧೂಳು ಒರೆಸಿ, ಬಿಲ್ಲೆ ಕೊಟ್ಟು, ಮರಳಿ ಕೊಡುವುದು ಅಲ್ಲಿಯ ಸೇವೆ. ಜಡ್ಜು, ಡಾಕ್ಟರು, ಜಮೀನ್ದಾರರೆಲ್ಲ ಅಲ್ಲಿ ನಿಂತು ಗುರುತಿಲ್ಲದವರ ಚಪ್ಪಲಿ ಒರೆಸುತ್ತಾರೆ. ಅಷ್ಟೇನಾ, ಖಂಡಿತ ಎಂದೆ.

ಹನ್ನೊಂದೂ ಐವತ್ತಕ್ಕೆ ನಾನು ಮ್ಯಾನೇಜರರ ಬಳಿ ಒಂದು ಗಂಟೆ ಕೇಳಿದೆ. ಎಲ್ಲರಿಗೂ ತಡವಾಗುತ್ತದೆ, ಮೈದಾನದಲ್ಲಿ ನಮ್ಮ ಕಾಯ್ದಿರಿಸಿದ ಜಾಗ ಹೋಗುತ್ತದೆ, ಬೇಕಾದರೆ ನೀವು ಉಳಿಯಿರಿ, ಆದರೆ ಬಸ್ಸು ಹುಡುಕಿಕೊಳ್ಳುವುದು ನಿಮ್ಮ ಪಾಡು ಎಂದರು. ಜನದ ನೂಕುನುಗ್ಗಲಿನಲ್ಲಿ ಫೋನೂ ಹತ್ತುತ್ತಿರಲಿಲ್ಲ. ಹೆಂಡತಿ ಮಗಳು ಆಗಲೇ ಬಸ್ಸಿನಲ್ಲಿದ್ದರು. ಜೋಡಾ ಘರ್‌ನ ಕಟ್ಟೆಯ ಮುಂದೆ ಒಂದು ನಿಮಿಷ ನಿಂತೆ. ಒಳಗಿನವನೊಬ್ಬ ನಾನು ಚಪ್ಪಲಿ ಕೊಡಲು ನಿಂತಿದ್ದೇನೆಂದುಕೊಂಡು ಕೈ ಚಾಚಿದ. ನಾನು ಹೋಗಿ ಬಸ್ಸು ಹತ್ತಿದೆ.

ಚರಣ್ ಗಂಗಾದ ಮರಳಿನ ಬಯಲಲ್ಲಿ ಕುದುರೆಗಳು ಓಡಿದವು, ಗತ್ಕಾ ಆಟದ ಕತ್ತಿಗಳು ಮಿಂಚಿದವು, ಗುಲಾಲು ಹಾರಿತು. ಎಲ್ಲವೂ ಆ ಬಣ್ಣದ ಚಿತ್ರದಲ್ಲಿರುವಷ್ಟೇ ಚೆನ್ನಾಗಿತ್ತು, ಅದಕ್ಕಿಂತ ಚೆನ್ನಾಗಿತ್ತು. ಸುಳ್ಳು ಹೇಳಲಾರೆ. ಮಾರ್ಗದರ್ಶಿ ಮೈಕಿನಲ್ಲಿ ನಿಹಂಗರ ಮಾತಿನ ತಮಾಷೆ ಹೇಳಿ ನಗಿಸಿದ. ಅವರು ಹುರಿಗಡಲೆಯನ್ನು ಬಾದಾಮಿ ಎನ್ನುತ್ತಾರೆ, ಈರುಳ್ಳಿಯನ್ನು ಬೆಳ್ಳಿ ಎನ್ನುತ್ತಾರೆ, ಒಬ್ಬನೇ ಇದ್ದರೂ ಸವಾ ಲಕ್ಷ ಎನ್ನುತ್ತಾರೆ ಎಂದ. ಬಸ್ಸಿನವರೆಲ್ಲ ನಕ್ಕರು. ಹದಿನೆಂಟನೇ ಶತಮಾನದಲ್ಲಿ ತಲೆಗೆ ಬೆಲೆ ಕಟ್ಟಿಸಿಕೊಂಡು ಕಾಡುಪಾಲಾಗಿದ್ದವರು, ತಿನ್ನಲು ಹಿಡಿ ಕಡಲೆ ಬಿಟ್ಟರೆ ಏನೂ ಇಲ್ಲದಿದ್ದಾಗ ಕಟ್ಟಿಕೊಂಡ ಭಾಷೆ ಅದು. ಕ್ಯಾಂಪಿನ ಒಣ ಕುಬ್ಬೂಸನ್ನು ‘ಇವತ್ತು ಹೋಳಿಗೆ’ ಎಂದು ಹಂಚಿಕೊಂಡು ತಿಂದವರು ನಮ್ಮಲ್ಲೇ ಇದ್ದಾರೆ. ಅವರಿಗೆ ಅದು ಕೂಡಲೇ ತಿಳಿಯುತ್ತಿತ್ತು, ಯಾರಾದರೂ ಹೇಳಿದ್ದರೆ. ಮಾರ್ಗದರ್ಶಿಯ ಕೆಲಸ ಅದೇ ಅಲ್ಲವೇ?

ಜುಬೈಲಿಗೆ ಮರಳಿದ ಮೂರನೇ ದಿನ ಅವರು ಲೋಡು ತಂದರು. ‘ನಿಂತಿರಾ?’ ಎಂದು ಕೇಳಿದರು. ‘ನಿಂತೆ’ ಎಂದೆ. ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಎರಡು ವಾರ ನನಗೆ ನಿದ್ದೆ ಸರಿಬರಲಿಲ್ಲ. ಈದ್ ಕಳೆದ ಮೇಲೆ ಒಂದು ಮಧ್ಯಾಹ್ನ, ಕ್ರೇನು ಕೆಟ್ಟು ಅವರ ಗಾಡಿ ಯಾರ್ಡಿನಲ್ಲೇ ನಿಂತಾಗ, ಹೋಗಿ ನಿಜ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಗಡ್ಡ ನೀವಿಕೊಂಡು, ‘ನಿಮ್ಮದು ಯಾವ ಊರು ಸ್ಟೋರ್ ಸಾಬ್?’ ಎಂದರು. ಹನ್ನೊಂದು ವರ್ಷದಲ್ಲಿ ಅವರೂ ಕೇಳಿರಲಿಲ್ಲ. ಬೀದರ್ ಎಂದೆ. ‘ಬಿದರ್? ನಾನಕ್ ಝೀರಾ?’ ಎಂದು ಎದ್ದು ನಿಂತೇಬಿಟ್ಟರು. ಗಲ್ಫಿಗೆ ಬರುವ ಮುಂಚೆ ಲಾರಿ ಓಡಿಸುತ್ತಿದ್ದಾಗ ನಾಂದೇಡಿನ ಹಜೂರ್ ಸಾಹಿಬ್‌ಗೂ ಬೀದರಿಗೂ ಎಷ್ಟೋ ಸಲ ಬಂದಿದ್ದರಂತೆ. ಝೀರಾದ ನೀರು ಕುಡಿದಿದ್ದರು. ಅಲ್ಲಿಯ ಲಂಗರಿನಲ್ಲಿ ಪಾತ್ರೆ ತೊಳೆದಿದ್ದರು. ಜೋಡಾ ಘರ್‌ನಲ್ಲಿ ನಮ್ಮ ಊರವರ ಚಪ್ಪಲಿ ಒರೆಸಿದ್ದರು. ನನ್ನದೂ ಇದ್ದಿರಬಹುದು.

ಆಮೇಲೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದರು. ‘1988ರಲ್ಲಿ ನೀವು ಊರಲ್ಲೇ ಇದ್ದಿರಾ?’

ಇದ್ದೆ. ಏಳನೇ ಕ್ಲಾಸು. ಊರಿನ ಎಂಜಿನಿಯರಿಂಗ್ ಕಾಲೇಜಿಗೆ ಉತ್ತರದಿಂದ ಓದಲು ಬಂದಿದ್ದ ಸಿಖ್ ಹುಡುಗರ ಮೇಲೆ ಆ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬದ ದಿನಗಳಲ್ಲಿ, ದಾಳಿಗಳಾದವು. ಹುಡುಗರು ಸತ್ತರು. ಅಪ್ಪ ನಮ್ಮನ್ನು ಮನೆಯೊಳಗೆ ಕೂಡಿಹಾಕಿ ಬಾಗಿಲಿಗೆ ಅಡ್ಡ ಮಂಚ ಇಟ್ಟಿದ್ದು ನೆನಪಿದೆ. ನಮ್ಮ ಓಣಿಯ ಬಾಡಿಗೆ ಕೋಣೆಯಲ್ಲಿದ್ದ ಇಬ್ಬರು ಹುಡುಗರು, ನಮಗೆ ಕ್ರಿಕೆಟ್ ಆಡಲು ಬ್ಯಾಟು ಕೊಡುತ್ತಿದ್ದವರು, ಮತ್ತೆ ಕಾಣಲಿಲ್ಲ. ಊರು ಬಿಟ್ಟು ಹೋದರೋ ಏನೋ, ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂವತ್ತಾರು ವರ್ಷದ ಮೇಲೆ ಪರ್ಷಿಯನ್ ಕೊಲ್ಲಿಯ ದಂಡೆಯಲ್ಲಿ ನಿಂತು ಒಬ್ಬ ಪಂಜಾಬಿ ಡ್ರೈವರ್ ನನ್ನನ್ನು ನನ್ನೂರಿನ ಬಗ್ಗೆ ಕೇಳಿದರು. ನನಗೆ ತಿಳಿದದ್ದು ಅವರಿಗಿಂತ ಹೆಚ್ಚೇನಿರಲಿಲ್ಲ.

ಬೀದರಿನವನೆಂಬ ಕಾರಣಕ್ಕೆ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಪ್ರವಾಸದವರ ಕೈಪಿಡಿಯಲ್ಲಿ ಪಂಚ ಪ್ಯಾರೇ ಎಂದು ಐದು ಹೆಸರುಗಳಿದ್ದವು. 1699ರಲ್ಲಿ ಗುರು ಕತ್ತಿ ಹಿರಿದು ತಲೆ ಕೇಳಿದಾಗ ಎದ್ದು ನಿಂತ ಐವರು. ಹೆಸರಿದ್ದವು, ಊರಿರಲಿಲ್ಲ. ದಯಾ ಸಿಂಗ್ ಲಾಹೋರಿನವನು, ಧರಮ್ ಸಿಂಗ್ ಹಸ್ತಿನಾಪುರದ ಕಡೆಯವನು, ಹಿಮ್ಮತ್ ಸಿಂಗ್ ಪುರಿಯವನು, ಮೊಹಕಮ್ ಸಿಂಗ್ ದ್ವಾರಕೆಯವನು. ಐದನೆಯ ಸಾಹಿಬ್ ಸಿಂಗ್ ಬೀದರಿನವನು, ಕ್ಷೌರಿಕರ ಮನೆಯವನು. 1704ರಲ್ಲಿ ಚಮಕೌರಿನ ಕದನದಲ್ಲಿ ಸತ್ತ. ಕನ್ನಡ ಕೂಟದ ಮೂವತ್ತು ಚಿಲ್ಲರೆ ಜನ ಬಸ್ಸು ಮಾಡಿಕೊಂಡು ಆನಂದಪುರಕ್ಕೆ ಹೋದರು. ಅದೇ ಊರಿಗೆ ಬೀದರಿನಿಂದ ಒಬ್ಬ ಕ್ಷೌರಿಕ ಮುನ್ನೂರು ವರ್ಷಕ್ಕೂ ಹಿಂದೆ ಹೋಗಿ ಆ ಪಂಥ ಕಟ್ಟಿದ ಐವರಲ್ಲಿ ಒಬ್ಬನಾಗಿದ್ದ ಸಂಗತಿ ಬಸ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದಾಗ, ‘ಹೌದಾ, ಸೂಪರ್’ ಎಂದು ಒಬ್ಬರು ಬೀದರ್ ಕೋಟೆಯ ಚಿತ್ರ ಹುಡುಕತೊಡಗಿದರು. ಬೀದರಿನ ಹತ್ತಿರದ ಜನವಾಡದಲ್ಲಿ ಮಾಯಿ ಭಾಗೋ ಎಂಬ ಕತ್ತಿ ಹಿಡಿದ ಹೆಣ್ಣುಮಗಳ ನೆನಪಿನ ಗುರುದ್ವಾರವಿದೆ. ಗುರು ನಾನಕರು ಕೆಂಪು ಜಂಬಿಟ್ಟಿಗೆಯ ಕಲ್ಲು ಸರಿಸಿದಲ್ಲಿ ಸಿಹಿನೀರು ಉಕ್ಕಿತೆಂಬ ನಂಬಿಕೆಯ ಝೀರಾ ಇದೆ. ಅದೇ ಜಿಲ್ಲೆಯಲ್ಲಿ ಬಸವಣ್ಣನವರ ಕಲ್ಯಾಣವಿದೆ. ದಾಸೋಹವೂ ಲಂಗರೂ ಒಂದೇ ಜಿಲ್ಲೆಯ ಒಲೆಗಳಲ್ಲಿ ಬೇಯುತ್ತವೆ.

ಅಯ್ಯೋ, ಇದನ್ನು ಓದಿ ಯಾರಾದರೂ ‘ಬೀದರ್ ಸಿಖ್ ಪರಂಪರೆ ಪ್ಯಾಕೇಜ್’ ಶುರುಮಾಡಿಬಿಟ್ಟಾರು. ಆ ಭಯ ನನಗಿದೆ.

ನನ್ನ ಹೆಂಡತಿ ಈ ಬರಹದ ಕರಡು ಓದಿ ಒಪ್ಪಲಿಲ್ಲ. ಅವಳ ವಾದವನ್ನು ಮುಚ್ಚಿಡುವುದು ಸರಿಯಲ್ಲ. ‘ನಿಮಗೆ ಗಂಡಸರಿಗೆ ಸುಲಭ. ಸರಾಯಿಯಲ್ಲಿ ಮಲಗಿ, ಟ್ರಾಲಿ ಹತ್ತಿ ಎಂದುಬಿಡುತ್ತೀರಿ. ಲಕ್ಷಾಂತರ ಜನರ ನಡುವೆ ಭಾಷೆ ಬಾರದ ಊರಿನಲ್ಲಿ ನಾನೂ ಮಗಳೂ ಶೌಚಾಲಯ ಎಲ್ಲಿ ಹುಡುಕಬೇಕು? ಬಸ್ಸಿಲ್ಲದಿದ್ದರೆ ನಾನು ಆ ಊರನ್ನು ಈ ಜನ್ಮದಲ್ಲಿ ನೋಡುತ್ತಿರಲಿಲ್ಲ. ಮತ್ತೆ, ನೀವು ಇಳಿಯದೆ ಇದ್ದದ್ದಕ್ಕೆ ಬಸ್ಸನ್ನು ಬೈಯುವುದು ಯಾಕೆ?’ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಉಳಿದದ್ದಕ್ಕೆ ಇದೆ. ಬಸ್ಸು ಬೇಕು, ಕೋಣೆ ಬೇಕು, ದಾರಿ ತಿಳಿದವನೊಬ್ಬ ಬೇಕು. ಮಂಡಿನೋವಿನ ಹಿರಿಯರೂ ಹೋಗಬೇಕು. ಅದಕ್ಕೆಲ್ಲ ದುಡ್ಡು ಕೊಡೋಣ. ಚಪ್ಪಲಿ ಬಿಡುವ ಜಾಗದಲ್ಲಿ ಮಾರ್ಗದರ್ಶಿಯ ಕೆಲಸ ಮುಗಿಯಬೇಕು, ಅಷ್ಟೇ ನಾನು ಕೇಳುವುದು. ಅಲ್ಲಿಂದ ಒಳಗೆ ಅವನೂ ನಾವೂ ಎಲ್ಲರ ಹಿಂದೆ ನಿಲ್ಲಬೇಕು, ಎರಡು ತಾಸಾಗಲಿ ಮೂರು ತಾಸಾಗಲಿ. ರಸ್ತೆಯಲ್ಲಿ ಲೋಟ ಹಿಡಿದು ಓಡಿಬಂದ ಹುಡುಗನಿಗಾಗಿ ಬಸ್ಸು ನಿಲ್ಲಬೇಕು. ವೇಳಾಪಟ್ಟಿ ಕೆಡುತ್ತದೆ. ಕೆಡಲಿ. ಹಬ್ಬ ಇರುವುದೇ ಅದಕ್ಕೆ.

ಟಿಕೆಟ್ ಎಂಬುದೇ ಕೆಟ್ಟದ್ದು ಎನ್ನುವ ಹಠ ನನಗಿಲ್ಲ. ಅಲ್‌ಉಲಾದ ಹೆಗ್ರಾಕ್ಕೆ ಹೋಗಿ ನಬಾತಿಯನ್ನರ ಕಲ್ಲಿನ ಗೋರಿಗಳನ್ನು ನೋಡಿ ಬಂದಿದ್ದೇನೆ, ಟಿಕೆಟ್ ಕೊಟ್ಟೇ. ಅಲ್ಲಿ ಮಲಗಿದ್ದವರು ಹೋಗಿ ಎರಡು ಸಾವಿರ ವರ್ಷ ಕಳೆಯಿತು. ಗೋರಿ ಖಾಲಿ, ಕಾಯುವವರಿಗೆ ಸಂಬಳ ಬೇಕು, ವ್ಯಾಪಾರ ನೇರ. ಆನಂದಪುರದ ಮನೆಯಲ್ಲಿ ಮನೆಯವರು ಬದುಕಿದ್ದಾರೆ, ಒಲೆ ಉರಿಯುತ್ತಿದೆ, ಬೆಲೆ ಬೇಡ ಎನ್ನುತ್ತಿದ್ದಾರೆ. ಅವರ ಅಂಗಳದಲ್ಲಿ ಇನ್ನೊಬ್ಬ ಬೆಲೆಪಟ್ಟಿ ತೂಗುಹಾಕಿದ್ದಾನೆ. ಕರಾವಳಿಯ ಗೆಳೆಯರಿಗೆ ಇದು ಬೇಗ ತಿಳಿಯುತ್ತದೆ. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಭೂತಕೋಲವನ್ನು ವೇದಿಕೆಯ ಮೇಲೆ ಕುಣಿಸಬೇಡಿ, ದೈವದ ವೇಷ ಹಾಕಿ ರೀಲ್ ಮಾಡಬೇಡಿ ಎಂದು ನೀವು ಸಿಟ್ಟಾದಿರಿ. ಸರಿಯಾಗಿಯೇ ಸಿಟ್ಟಾದಿರಿ. ಹೋಲಾದ ಪ್ರವಾಸಕ್ಕೆ ಮೊದಲು ಹೆಬ್ಬೆರಳೆತ್ತಿದವರಲ್ಲಿ ಕರಾವಳಿಯವರೇ ಹೆಚ್ಚು.

ನಮ್ಮನ್ನೂ ಹಾಗೆ ನೋಡುವವರಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ರಿಯಾದಿನ ಸುವೈದಿ ಪಾರ್ಕಿನಲ್ಲಿ ಭಾರತದ ಸಂಸ್ಕೃತಿಗೆಂದೇ ಕೆಲವು ದಿನ ಮೀಸಲಿಟ್ಟಿದ್ದರು. ಮನೆಯವರೊಂದಿಗೆ ಹೋಗಿದ್ದೆ, ಪಂಚೆ ಉಟ್ಟು. ಒಬ್ಬ ಸೌದಿ ಹುಡುಗ ನನ್ನ ಪಂಚೆಯ ಅಂಚು ಹಿಡಿದು ಫೋಟೋ ಕೇಳಿದ. ನಿಂತು ನಕ್ಕೆ. ಚೆನ್ನಾಗಿಯೇ ಅನಿಸಿತು. ಆಮೇಲೆ ಅವನ ಅಪ್ಪ ಬಂದು, ಫೋಟೋ ತೋರಿಸಿ, ಹೆಸರೇನು, ಯಾವ ಊರು, ಎಷ್ಟು ಮಕ್ಕಳು ಎಂದು ಕೇಳಿ, ಫ್ಲಾಸ್ಕಿನಿಂದ ಕಹ್ವಾ ಬಗ್ಗಿಸಿ ಕೊಟ್ಟರು. ಸಾಕೆಂದು ಲೋಟ ಅಲ್ಲಾಡಿಸುವವರೆಗೂ ತುಂಬಿಸುತ್ತಲೇ ಇದ್ದರು. ಆ ಚಿತ್ರವನ್ನು ಯಾರಿಗೆ ಬೇಕಾದರೂ ತೋರಿಸಿಕೊಳ್ಳಲಿ, ನನಗೆ ಬೇಸರವಿಲ್ಲ.

ಹೋದ ಆಗಸ್ಟಿನ ರಜೆಯಲ್ಲಿ ಊರಿಗೆ ಹೋದಾಗ ಝೀರಾದ ಜೋಡಾ ಘರ್‌ನಲ್ಲಿ ನಿಂತೆ. ಮಳೆಗಾಲ, ಎಲ್ಲರ ಚಪ್ಪಲಿಗೂ ಕೆಂಪು ಮಣ್ಣು. ಹತ್ತು ನಿಮಿಷಕ್ಕೆ ಸೊಂಟ ಹಿಡಿಯಿತು, ಎರಡು ಜೊತೆ ಅದಲುಬದಲು ಮಾಡಿ ಬೈಸಿಕೊಂಡೆ. ಬೈದವರು ನಮ್ಮೂರಿನವರೇ, ಅಚ್ಚ ಬೀದರಿನ ಕನ್ನಡದಲ್ಲಿ. ಜುಬೈಲಿಗೆ ಬಂದು ಅದನ್ನು ಹೇಳಿದಾಗ ಸರ್ದಾರ್‌ಜಿ ನಕ್ಕರು. ಸರ್ದಾರ್‌ಜಿ ಎಂದು ಇಲ್ಲಿ ಬರೆದದ್ದು ಅವರ ಹೆಸರು ತಿಳಿಯದೆ ಅಲ್ಲ, ಈಗ ತಿಳಿದಿದೆ. ಪುಸ್ತಕದಲ್ಲಿ ಬರುವುದು ಬೇಡ ಎಂದಿದ್ದಾರೆ. ಮುಂದಿನ ಮಾರ್ಚಿಗೆ ಅವರಿಗೆ ರಜೆ ಸಿಗುವ ಹಾಗಿದೆ. ಸಿಕ್ಕರೆ ಅವರ ಹಳ್ಳಿಯ ಟ್ರಾಲಿಯಲ್ಲಿ ಅಟ್ಟದ ಮೇಲೆ ನಾಲ್ಕೈದು ಜನಕ್ಕೆ ಜಾಗವಿದೆಯಂತೆ.

ಇಷ್ಟನ್ನೂ ಚಿಕ್ಕದು ಮಾಡಿ ನಮ್ಮ ಕೂಟದ ಗುಂಪಿನಲ್ಲಿ ಹಾಕಿದ್ದೇನೆ. ಪ್ಯಾಕೇಜು ಬೇಡ, ಹೋಗುವವರು ಹೀಗೆ ಹೋಗೋಣ, ಹಾಸಿಗೆ ನಾವೇ ಒಯ್ಯೋಣ, ಒಂದು ದಿನ ಜೋಡಾ ಘರ್‌ನಲ್ಲಿ ನಿಲ್ಲೋಣ ಎಂದು. ಈವರೆಗೆ ಬಂದ ಉತ್ತರ ಮೂರು. ಒಂದು ಹೆಬ್ಬೆರಳು. ಒಂದು ಕೈಮುಗಿದ ಚಿತ್ರ. ಮೂರನೆಯವರು ಕೇಳಿದ್ದಾರೆ: ‘ಜೋಡಾ ಘರ್‌ಗೆ ಮೊದಲೇ ಬುಕ್ ಮಾಡಬೇಕಾ ಸರ್? ಒಬ್ಬರಿಗೆ ಎಷ್ಟು?’